ಡಿಸ್ಕಿನ ತಪ್ಪನ್ನೂ ನಕಲು ಮಾಡಬೇಕಿತ್ತು: ಹಳೆ ಪ್ಲೇಸ್ಟೇಷನ್ ಸಿಡಿಗಳ ಬ್ಯಾಕಪ್ ದಿನಚರಿ

ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಒಟ್ಟು 11 ಡಿಸ್ಕು. 10 ಮುಗಿಯಿತು, ಒಂದು ಇನ್ನೂ ಮೇಜಿನ ಮೇಲೆ ಕೂತು ಅಣಕಿಸುತ್ತಿದೆ. ಆರು ವಾರಾಂತ್ಯ ಹೋಯಿತು. 1,190 ರೂಪಾಯಿ ಖರ್ಚಾಯಿತು. ಒಂದು ಸಿಡಿಯನ್ನು ನನ್ನ ಕೈಯಾರೆ ಮಬ್ಬು ಮಾಡಿಕೊಂಡೆ. ಡ್ರೈವಿಗೆ ಹಾಕಿ ಕಾಪಿ ಒತ್ತಿದರೆ ಆಯ್ತು, ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ.

ಅಕ್ಟೋಬರ್ 1, 2025, ಬುಧವಾರ

ಆಯುಧಪೂಜೆಗೆ ಮೈಸೂರಿನ ಮನೆಗೆ ಹೋಗಿದ್ದೆ. ಅಟ್ಟ ಗುಡಿಸುವಾಗ ಹಳೆಯ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ನಮ್ಮ ಪಿಎಸ್ ಒನ್, ಅಂದರೆ ಸೋನಿಯ ಮೊದಲ ಪ್ಲೇಸ್ಟೇಷನ್ ಗೇಮ್ ಮಷೀನಿನ ಚಿಕ್ಕ ರೂಪ. ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದ ಮಾವ 2001ರಲ್ಲಿ ರಜೆಗೆ ಬಂದಾಗ ತಂದುಕೊಟ್ಟದ್ದು. ಮಾಡೆಲ್ ಎಸ್‌ಸಿಪಿಎಚ್-102, ಯುರೋಪಿನ ಪಾಲ್ ಟಿವಿ ಪದ್ಧತಿಯ ಮಷೀನು. ಜೊತೆಗೆ ಐದು ಆಟ, ಒಂಬತ್ತು ಡಿಸ್ಕು: ಕ್ರ್ಯಾಶ್ ಟೀಮ್ ರೇಸಿಂಗ್, ಸ್ಪೈರೊ ಇಯರ್ ಆಫ್ ದಿ ಡ್ರ್ಯಾಗನ್, ಟೆಕ್ಕೆನ್ 3, ಎರಡು ಡಿಸ್ಕಿನ ಗ್ರಾನ್ ಟುರಿಸ್ಮೊ 2, ನಾಲ್ಕು ಡಿಸ್ಕಿನ ಫೈನಲ್ ಫ್ಯಾಂಟಸಿ 9. ಪೆಟ್ಟಿಗೆಯ ತಳದಲ್ಲಿ ನಾನೇ ಆಮೇಲೆ ಕೊಂಡ ಎರಡು ಪಿಎಸ್ 2 ಡಿವಿಡಿಗಳೂ ಇದ್ದವು.

ಆ ಕಾಲಕ್ಕೆ ನಮ್ಮ ಬೀದಿಯಲ್ಲಿದ್ದ ಬೇರೆ ಪ್ಲೇಸ್ಟೇಷನ್‌ಗಳಿಗೆಲ್ಲ ಚಿಪ್ ಹಾಕಿಸಿತ್ತು. ಅವರ ಡಿಸ್ಕುಗಳು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಬರುತ್ತಿದ್ದ ನಕಲು. ನಮ್ಮದಕ್ಕೆ ಚಿಪ್ ಇಲ್ಲ, ಡಿಸ್ಕೆಲ್ಲ ಅಸಲಿ. ಗೆಳೆಯರ ಹತ್ತಿರ ನಲವತ್ತು ಆಟ, ನನ್ನ ಹತ್ತಿರ ಐದೇ ಐದು. ಆಗ ಅದು ಅವಮಾನದ ವಿಷಯವಾಗಿತ್ತು.

ಅಮ್ಮ ಮಷೀನಿಗೂ ಕುಂಕುಮ ಹಚ್ಚಿ ಹೂ ಇಟ್ಟಳು. ನಾನು ನಕ್ಕಿದ್ದಕ್ಕೆ, "ವರ್ಷಗಟ್ಟಲೆ ನಿನ್ನ ಕೈಯಲ್ಲಿದ್ದ ಆಯುಧ ಇದೇ ಅಲ್ವೇನೋ" ಅಂದಳು. ಸರಿ, ಡಿಸ್ಕುಗಳು ಪೂರ್ತಿ ಹಾಳಾಗುವ ಮೊದಲು ಬ್ಯಾಕಪ್ ತೆಗೆಯೋಣ ಅಂತ ಎಲ್ಲವನ್ನೂ ಬೆಂಗಳೂರಿಗೆ ಹೊತ್ತು ತಂದೆ.

ಕಾನೂನಿನ ಮಾತು ಒಂದೇ ಸಲ ಹೇಳಿ ಮುಗಿಸುತ್ತೇನೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಇಟ್ಟುಕೊಂಡವರು ಅದು ಕಳೆದರೆ, ಕೆಟ್ಟರೆ ಅಂತ ಬ್ಯಾಕಪ್ ಮಾಡಿಕೊಳ್ಳಲು ಅವಕಾಶ ಇದೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಸೆಕ್ಷನ್, ಹಕ್ಕು ಮುರಿಯುವ ಉದ್ದೇಶದಿಂದ ನಕಲು ತಡೆಯುವ ಬೀಗ ಒಡೆಯುವುದನ್ನು ಅಪರಾಧ ಮಾಡಿದೆ. ನನ್ನದು ನನ್ನ ಡಿಸ್ಕು, ನನ್ನ ಬಳಕೆ. ಫೈಲು ಕೇಳಿ ಯಾರೂ ಮೆಸೇಜ್ ಮಾಡಬೇಡಿ.

ಅಕ್ಟೋಬರ್ 4, ಶನಿವಾರ: ಟೂತ್‌ಪೇಸ್ಟ್

ಸಾಮಾನು: ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್, ಮನೆಯಲ್ಲೇ ಬಿದ್ದಿದ್ದ ತೆಳು ಯುಎಸ್‌ಬಿ ಡಿವಿಡಿ ಡ್ರೈವು. ಮೊದಲು ಕ್ರ್ಯಾಶ್ ಟೀಮ್ ರೇಸಿಂಗ್ ಹಾಕಿದೆ. ಅಡಿಭಾಗ ಕಾಡಿಗೆ ಕಪ್ಪು. ಚಿಕ್ಕವನಿದ್ದಾಗ ಆ ಕಪ್ಪೇ ಕಾಪಿ ತಡೆಯುವ ಮಂತ್ರ ಅಂತ ನಂಬಿದ್ದೆ. ಹಾಗೇನಿಲ್ಲ. ಸಿಡಿ ಓದುವ ಲೇಸರ್ ಇನ್‌ಫ್ರಾರೆಡ್, ಅದಕ್ಕೆ ಈ ಕಪ್ಪು ಗಾಜಿದ್ದ ಹಾಗೆ.

ಡಿಸ್ಕನ್ನು ಇದ್ದ ಹಾಗೇ ನಕಲಿಸುವ ಡಿಡಿ ಕಮಾಂಡ್ ಕೊಟ್ಟೆ, ಬ್ಲಾಕ್ ಸೈಜ್ (ಒಂದು ಸಲಕ್ಕೆ ಓದುವ ಅಳತೆ) 2048 ಬೈಟ್. ಸ್ವಲ್ಪ ದೂರ ಓಡಿ ಇನ್‌ಪುಟ್ ಔಟ್‌ಪುಟ್ ಎರರ್ ಅಂತ ನಿಂತಿತು. ಮತ್ತೆ ಕೊಟ್ಟೆ, ಅಲ್ಲೇ ನಿಂತಿತು. ಡಿಸ್ಕ್ ತಿರುಗಿಸಿ ನೋಡಿದರೆ ನಾಲ್ಕೈದು ಕೂದಲೆಳೆಯಷ್ಟು ಗೀರು. ಗೀರೇ ಕಾರಣ ಅಂತ ತೀರ್ಮಾನ ಮಾಡಿಬಿಟ್ಟೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಪೇಸ್ಟ್ ಹಾಕಿ ಉಜ್ಜು, ಬೆಳ್ಳಿ ದೀಪ ಹೊಳೆಯಲ್ವಾ ಹಂಗೇ ಹೊಳೆಯುತ್ತೆ" ಅಂದಳು. ತಪ್ಪು ಅವಳದಲ್ಲ, ಉಜ್ಜಿದ್ದು ನಾನು. ಹತ್ತು ನಿಮಿಷ ಉಜ್ಜಿದೆ, ಅದೂ ಸುತ್ತು ಸುತ್ತಾಗಿ. ಸಿಡಿ ಒರೆಸುವುದಿದ್ದರೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತಾಗಿ ಗೀರಿದರೆ ಆ ಗೀರು ಟ್ರ್ಯಾಕಿನ ಉದ್ದಕ್ಕೂ ಹೋಗಿ, ಸಾಲಾಗಿ ತುಂಬಾ ಡೇಟಾ ಹಾಳಾಗುತ್ತದೆ. ಇದು ಗೊತ್ತಿದ್ದೂ ಕೈ ಸುತ್ತಾಗೇ ಹೋಯಿತು. ತೊಳೆದು ನೋಡಿದರೆ ಕಪ್ಪು ಕನ್ನಡಿಯಂತಿದ್ದ ಡಿಸ್ಕಿನ ಮೇಲೆ ಬೂದಿ ಎರಚಿದ ಹಾಗೆ ಮಬ್ಬು. ಡಿಡಿ ಮತ್ತೆ ಅದೇ ಜಾಗದಲ್ಲಿ ನಿಂತಿತು.

ಆಗ ಮಾಡಬೇಕಾದ್ದನ್ನು ಮಾಡಿದೆ: ಬೇರೆ ಡಿಸ್ಕ್ ಹಾಕಿ ನೋಡಿದೆ. ಸ್ಪೈರೊ ನಿಂತಿತು. ಟೆಕ್ಕೆನ್ ನಿಂತಿತು. ಒಂದೂ ಗೀರಿಲ್ಲದ ಫೈನಲ್ ಫ್ಯಾಂಟಸಿಯ ನಾಲ್ಕನೇ ಡಿಸ್ಕೂ ನಿಂತಿತು. ಎಲ್ಲವೂ ಒಂದೇ ಥರ ನಿಲ್ಲುತ್ತವೆ ಅಂದರೆ ಅದು ಗೀರಲ್ಲ. ಈ ಪರೀಕ್ಷೆ ಟೂತ್‌ಪೇಸ್ಟಿಗೆ ಮೊದಲು ಆಗಬೇಕಿತ್ತು.

ವಿಷಯ ಇಷ್ಟೇ. ಸಿಡಿಯ ಒಂದು ಸೆಕ್ಟರ್, ಅಂದರೆ ಡೇಟಾದ ಒಂದು ತುಂಡು, ನಿಜಕ್ಕೂ 2352 ಬೈಟ್. ಕಂಪ್ಯೂಟರ್ ಫೈಲುಗಳ ಸಿಡಿಯಲ್ಲಿ ಅದರಲ್ಲಿ 2048 ಬೈಟ್ ನಮ್ಮ ಡೇಟಾ, ಉಳಿದದ್ದು ವಿಳಾಸ ಮತ್ತು ತಪ್ಪು ತಿದ್ದುವ ಅಂಕಿ. ಪ್ಲೇಸ್ಟೇಷನ್ ಸಿಡಿಯಲ್ಲಿ ಎರಡು ಜಾತಿ ಸೆಕ್ಟರ್ ಬೆರೆತಿರುತ್ತವೆ. ಪ್ರೋಗ್ರಾಮಿಗೆ 2048ರದ್ದು, ಹಾಡು ಮತ್ತು ವಿಡಿಯೊದೊಳಗಿನ ಧ್ವನಿಗೆ 2324ರದ್ದು. 2048ರ ಅಳತೆ ಹಿಡಿದು ಹೋದ ಡಿಡಿ ಎರಡನೇ ಜಾತಿ ಎದುರಾದ ಕೂಡಲೇ ಕೈಚೆಲ್ಲುತ್ತದೆ. ಇದು ಬೀಗವೂ ಅಲ್ಲ. ನಾನು ಹಿಡಿದ ಸೇರೇ ತಪ್ಪು.

ಅಕ್ಟೋಬರ್ 5, ಭಾನುವಾರ: ನಕಲು ಸರಿ, ಆಟ ಓಡಲ್ಲ

ಸಿಡಿಆರ್‌ಡಾವೊ ಅನ್ನುವ ಸಿಡಿ ನಕಲಿಸುವ ಪ್ರೋಗ್ರಾಮ್ ಹಾಕಿಕೊಂಡೆ. ರಾ ಓದು ಆಯ್ಕೆ ಮಾಡಿ 2352 ಬೈಟ್ ಪೂರ್ತಿ ತೆಗೆದು, ಬಿನ್ (ಡೇಟಾ) ಮತ್ತು ಕ್ಯೂ (cue, ಟ್ರ್ಯಾಕುಗಳ ಪಟ್ಟಿ) ಫೈಲು ಮಾಡಿದೆ. ಮಬ್ಬಾದ ಡಿಸ್ಕ್ ಮೊದಲೆರಡು ಸಲ ಕಿರಿಕಿರಿ ಮಾಡಿತು. ವೇಗ 4ಕ್ಕೆ ಇಳಿಸಿದ ಮೇಲೆ ಮೂರನೇ ಸಲ ಪೂರ್ತಿ ಓದಿತು.

ಸರಿ ಇದೆಯಾ ಅಂತ ನೋಡಲು ಒಳ್ಳೆಯ ದಾರಿ ಇದೆ. ರೀಡಂಪ್ ಅನ್ನುವ ಪಟ್ಟಿಯಲ್ಲಿ ಪ್ರಪಂಚದ ಬೇರೆ ಬೇರೆ ಕಡೆಯವರು ತಮ್ಮ ಡಿಸ್ಕುಗಳಿಂದ ತೆಗೆದ ಪ್ರತಿಗಳ ಹ್ಯಾಷ್ ಅಂಕಿ ಇಟ್ಟಿದ್ದಾರೆ. ಆಟ ಅಲ್ಲಿರಲ್ಲ, ಅದರ ಬೆರಳಚ್ಚು ಮಾತ್ರ. ನನ್ನ ಬಿನ್ ಫೈಲಿನ ಎಸ್‌ಎಚ್‌ಎ-1 ಹ್ಯಾಷ್ ಲೆಕ್ಕ ಹಾಕಿ ಹೋಲಿಸಿದೆ. ಒಂದು ಅಕ್ಷರವೂ ಬಿಡದೆ ಹೊಂದಿತು. ಟೂತ್‌ಪೇಸ್ಟಿನ ಪಾಪ ತೊಳೆಯಿತು ಅಂತ ಕಾಫಿ ಮಾಡಿಕೊಂಡು ಬಂದು, ಕಂಪ್ಯೂಟರಿನಲ್ಲೇ ಪ್ಲೇಸ್ಟೇಷನ್ ಆಟ ಓಡಿಸುವ ಡಕ್‌ಸ್ಟೇಷನ್ ಎಮ್ಯುಲೇಟರಿನಲ್ಲಿ ತೆರೆದೆ. (ಅದಕ್ಕೆ ಬೇಕಾದ 512 ಕೆಬಿ ಬಯಾಸ್, ಅಂದರೆ ಮಷೀನನ್ನು ಶುರು ಮಾಡುವ ಪ್ರೋಗ್ರಾಮ್, ನನ್ನ ಮಷೀನಿನದ್ದೇ. ಅದನ್ನು ತೆಗೆದ ಕತೆ ಬೇರೆ.)

ಶುರುವಿನಲ್ಲೇ ಒಂದು ಎಚ್ಚರಿಕೆ ಬಂತು: ಇದು ಲಿಬ್‌ಕ್ರಿಪ್ಟ್ ಇರುವ ಆಟ, ಎಸ್‌ಬಿಐ ಫೈಲು ಇಲ್ಲ. ಹ್ಯಾಷ್ ಹೊಂದಿದೆ ತಾನೇ ಅಂತ ಓದದೆ ಮುಚ್ಚಿದೆ. ಆಟ ಲೋಡಿಂಗ್ ಪರದೆಯಲ್ಲಿ ನಿಂತಿತು. ಐದು ನಿಮಿಷ ಕಾದೆ. ಸಂಗೀತವೂ ನಿಂತಿತು.

ಅಕ್ಷರ ಅಕ್ಷರ ಹೊಂದುವ ನಕಲು, ಆದರೂ ಓಡಲ್ಲ. ಇಲ್ಲಿಂದ ನಿಜವಾದ ಕೆಲಸ ಶುರು.

ಅಕ್ಟೋಬರ್ 7 ಮತ್ತು 8, ಆಫೀಸ್ ಮುಗಿದ ಮೇಲೆ

ಎಸ್‌ಬಿಐ ಅಂದರೆ ಬ್ಯಾಂಕ್ ಅಲ್ಲ. ಡಿಸ್ಕಿನ ಸಬ್‌ಚಾನೆಲ್‌ನಲ್ಲಿ ಎಲ್ಲೆಲ್ಲಿ ಬೇಕೆಂದೇ ತಪ್ಪು ಇಟ್ಟಿದ್ದಾರೆ ಅಂತ ಬರೆದಿಡುವ ಪುಟ್ಟ ಫೈಲು.

ಪ್ರತಿ ಸೆಕ್ಟರಿನ 2352 ಬೈಟಿನ ಜೊತೆ ಇನ್ನೂ 96 ಬೈಟ್ ಇರುತ್ತದೆ. ಅದೇ ಸಬ್‌ಚಾನೆಲ್. ಎಂಟು ಎಳೆ ಹೆಣೆದ ಜಡೆ ಇದ್ದ ಹಾಗೆ. ಕ್ಯೂ (Q ಅಕ್ಷರ, cue ಫೈಲಲ್ಲ) ಅನ್ನುವ ಎಳೆಯಲ್ಲಿ ಸೆಕೆಂಡಿಗೆ 75 ಸಲ ಈಗ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್, ಎಷ್ಟನೇ ಫ್ರೇಮ್ ಅಂತ ಬರೆದಿರುತ್ತದೆ. ಹಳೆ ಸಿಡಿ ಪ್ಲೇಯರಿನ ಮುಂದೆ ಓಡುತ್ತಿದ್ದ ಸಮಯ ಇದರಿಂದಲೇ. ಜೊತೆಗೆ ಎರಡು ಬೈಟಿನ ಚೆಕ್ ಅಂಕಿ ಇರುತ್ತದೆ. ಅದು ತಾಳೆಯಾಗದಿದ್ದರೆ ಡ್ರೈವು ಆ ಸಮಯವನ್ನು ನಂಬದೆ ಹಳೆಯದನ್ನೇ ಇಟ್ಟುಕೊಳ್ಳುತ್ತದೆ.

ಲಿಬ್‌ಕ್ರಿಪ್ಟ್ ಅನ್ನುವ ಬೀಗ ಇದನ್ನೇ ಬಳಸುತ್ತದೆ: ಯುರೋಪಿನ ಕೆಲವು ಆಟಗಳಲ್ಲಿ ಮೂರನೇ ನಿಮಿಷದಲ್ಲಿ 16 ಸೆಕ್ಟರಿನ ಕ್ಯೂ ಬರಹವನ್ನು ಬೇಕಂತಲೇ ಕೆಡಿಸಿದ್ದಾರೆ. ಐದೈದು ಸೆಕ್ಟರ್ ದೂರದ ಜೋಡಿಗಳು. ಅದೇ ಇನ್ನೊಂದು ಸಲ ಒಂಬತ್ತನೇ ನಿಮಿಷದಲ್ಲಿ. ಆಟ ಓಡುವಾಗ ಡ್ರೈವನ್ನು "ಈಗ ಎಲ್ಲಿದ್ದೀಯ" ಅಂತ ಕೇಳುತ್ತದೆ. ಎಲ್ಲಿ ಡ್ರೈವು ತಬ್ಬಿಬ್ಬಾಗುತ್ತದೆ, ಎಲ್ಲಿ ಆಗಲ್ಲ ಅನ್ನುವುದರಿಂದ 16 ಬಿಟ್‌ನ ಒಂದು ಕೀಲಿ ಕಟ್ಟಿಕೊಳ್ಳುತ್ತದೆ. ಮಾಮೂಲಿ ನಕಲಿನಲ್ಲಿ ಡ್ರೈವು ಎಲ್ಲೂ ಎಡವಲ್ಲ. ಸಿಡಿ ಬರೆಯುವಾಗ ಬರ್ನರ್ ಕ್ಯೂ ಎಳೆಯನ್ನು ತಾನೇ ಹೊಸದಾಗಿ, ಚೊಕ್ಕವಾಗಿ ಹೆಣೆದುಬಿಡುತ್ತದೆ. ಆ ಚೊಕ್ಕತನದಿಂದಲೇ ನಕಲು ಸಿಕ್ಕಿಬೀಳುತ್ತದೆ.

ಬಿನ್ ಫೈಲಿನಲ್ಲಿ ಈ 96 ಬೈಟ್ ಇರುವುದೇ ಇಲ್ಲ. ಹ್ಯಾಷ್ ಹೊಂದಿದ್ದೂ ನಿಜ, ಆಟ ನಿಂತದ್ದೂ ನಿಜ.

ರೀಡಮ್ ಪ್ರೋಗ್ರಾಮಿನ ಕ್ಲೋನ್ ಆಯ್ಕೆ ಬಳಸಿ ಸೆಕ್ಟರಿಗೆ 2448 ಬೈಟ್‌ನಂತೆ ಪೂರ್ತಿ ಓದಿಸಿದೆ. ಕ್ಯೂ ಎಳೆ ಬಿಡಿಸಿ ಚೆಕ್ ಅಂಕಿ ಹೊಂದಿಸಿ ನೋಡಲು ಪೈಥಾನಿನಲ್ಲಿ ಸ್ಕ್ರಿಪ್ಟ್ ಬರೆದೆ. ಮೊದಲ ಫಲಿತಾಂಶ: ಎಲ್ಲ ಸೆಕ್ಟರೂ ತಪ್ಪು. ಲಕ್ಷಗಟ್ಟಲೆ ಸೆಕ್ಟರಿನಲ್ಲಿ ಒಂದೂ ಸರಿ ಇಲ್ಲ! ಎರಡು ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಸಿಡಿಯಲ್ಲಿ ಆ ಚೆಕ್ ಅಂಕಿಯನ್ನು ಬಿಟ್ ತಿರುವಿ, ಸೊನ್ನೆಯನ್ನು ಒಂದು ಮಾಡಿ, ಒಂದನ್ನು ಸೊನ್ನೆ ಮಾಡಿ ಬರೆದಿರುತ್ತಾರೆ. ಅದನ್ನು ಸರಿಪಡಿಸಿ ಓಡಿಸಿದೆ.

ಈ ಸಲ ತಪ್ಪು ಸೊನ್ನೆ. ಒಂದೂ ಇಲ್ಲ. ಅರ್ಧ ನಿಮಿಷ ಖುಷಿಪಟ್ಟೆ. ಆಮೇಲೆ ಹೊಳೆಯಿತು: ಸೊನ್ನೆ ಇರಬಾರದು ಅಲ್ವಾ, 32 ಇರಬೇಕು. ಟೂತ್‌ಪೇಸ್ಟ್ ಉಜ್ಜಿದ ಡಿಸ್ಕಿನಲ್ಲಿ ಒಂದೇ ಒಂದು ಕ್ಯೂ ತಪ್ಪಿಲ್ಲ ಅಂದರೆ ನಂಬುವ ಮಾತೇ? ಈ ತೆಳು ಡ್ರೈವು ಡಿಸ್ಕಿನಲ್ಲಿ ಕಂಡದ್ದನ್ನು ಹಾಗೇ ಕೊಡುತ್ತಿರಲಿಲ್ಲ. ಕೆಟ್ಟ ಕ್ಯೂ ಬಂದ ಕಡೆ ತಾನೇ ಲೆಕ್ಕ ಹಾಕಿ ಸರಿಯಾದದ್ದನ್ನು ತುಂಬಿ ಕೊಡುತ್ತಿತ್ತು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ತಿದ್ದಿ ನಕಲು ಮಾಡುವ ಜಾಣನ ಹಾಗೆ.

ಅಕ್ಟೋಬರ್ 11, ಶನಿವಾರ: ಎಸ್‌.ಪಿ. ರೋಡ್

ಈ ಕೆಲಸಕ್ಕೆ ಜನ ಹುಡುಕುವುದು ಹಳೆ ಪ್ಲೆಕ್ಸ್‌ಟರ್ ಡ್ರೈವುಗಳನ್ನು. ನಾನು ಕೇಳಿದ ಕಡೆಯೆಲ್ಲ ಅದು ಇರಲಿಲ್ಲ. ಮಾಮೂಲಿ ಡೆಸ್ಕ್‌ಟಾಪಿನೊಳಗೆ ಸಾಟಾ ಕೇಬಲ್ಲಿನಿಂದ ಜೋಡಿಸುವ ಡ್ರೈವುಗಳಲ್ಲೂ ಕೆಲವು ಕ್ಯೂ ಎಳೆಯನ್ನು ತಿದ್ದದೆ ಕೊಡುತ್ತವೆ. ಯಾವುದು ಕೊಡುತ್ತದೆ ಅಂತ ಹಾಕಿ ನೋಡಿಯೇ ತಿಳಿಯಬೇಕು.

ಒಂದು ಹಳೆ ಕಂಪ್ಯೂಟರ್ ಅಂಗಡಿಯಲ್ಲಿ ಮೂಲೆಯಲ್ಲಿ ಡ್ರೈವುಗಳ ರಾಶಿ ಇತ್ತು. ಲ್ಯಾಪ್‌ಟಾಪ್, ಡಿಸ್ಕ್ ಎರಡೂ ಜೊತೆಗೆ ಒಯ್ದಿದ್ದೆ. "ಇಲ್ಲೇ ಟೆಸ್ಟ್ ಮಾಡಬಹುದಾ ಅಣ್ಣ?" ಅಂದೆ. "ಮಾಡ್ಕೊಳಿ ಸಾರ್, ಈಗ ಇದನ್ನ ಯಾರ್ ಕೇಳ್ತಾರೆ. ಕುರ್ಚಿ ಬೇಕಾ?" ಅಂದರು. ಕುರ್ಚಿಯೂ ಬಂತು, ಟೀಯೂ ಬಂತು. ಮೊದಲನೆಯದರ ಟ್ರೇ ಹೊರಗೆ ಬರಲಿಲ್ಲ. ಎರಡನೆಯದು ತೆಳು ಡ್ರೈವಿನ ಹಾಗೇ ಸೊನ್ನೆ ತಪ್ಪು ತೋರಿಸಿತು. ಮೂರನೆಯದರಲ್ಲಿ ತಪ್ಪುಗಳು ಬಂದವು! ತಪ್ಪು ಬಂತು ಅಂತ ನಾನು ಕುಣಿದದ್ದನ್ನು ನೋಡಿ ಅವರಿಗೆ ಏನನ್ನಿಸಿತೋ. 200 ರೂಪಾಯಿಗೆ ಕೊಟ್ಟರು. ಸಾಟಾದಿಂದ ಯುಎಸ್‌ಬಿಗೆ ಅಡಾಪ್ಟರ್ 750. ಕೊಳ್ಳುವವರು ಗಮನಿಸಿ, 12 ವೋಲ್ಟಿನ ಪ್ರತ್ಯೇಕ ಪವರ್ ಸಪ್ಲೈ ಇರುವುದನ್ನೇ ತನ್ನಿ. ಹಾರ್ಡ್ ಡಿಸ್ಕಿಗೆ ಅಂತ ಮಾರುವ ಬರೀ ಕೇಬಲ್ಲಿನಲ್ಲಿ ದೊಡ್ಡ ಡಿವಿಡಿ ಡ್ರೈವು ತಿರುಗಲ್ಲ. ಡಿಸ್ಕ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೈಕ್ರೊಫೈಬರ್ ಬಟ್ಟೆ, ಎರಡೂ ಸೇರಿ 140. ಐದು ಖಾಲಿ ಸಿಡಿ 100.

ಅಕ್ಟೋಬರ್ 12, ಭಾನುವಾರ: ಗೀರು ಯಾವುದು, ಬೀಗ ಯಾವುದು

ಕ್ರ್ಯಾಶ್ ಡಿಸ್ಕಿನ ಮೊದಲ ಓದು: ಕೆಟ್ಟ ಕ್ಯೂ 213. ಬೇಕಾದದ್ದು 32.

ಇಲ್ಲಿ ಟೂತ್‌ಪೇಸ್ಟ್ ಸೇಡು ತೀರಿಸಿಕೊಂಡಿತು. ಸಿಡಿಯಲ್ಲಿ ಡೇಟಾಗೆ ಕಾವಲು ಜಾಸ್ತಿ. ಎರಡು ಮೂರು ಹಂತದ ತಪ್ಪು ತಿದ್ದುವ ಅಂಕಿಗಳಿರುವುದರಿಂದ ಮಬ್ಬಿದ್ದರೂ ಬಿನ್ ಫೈಲು ಸರಿಯಾಗಿ ಬಂದಿತ್ತು. ಕ್ಯೂ ಎಳೆಗೆ ಆ ಭಾಗ್ಯ ಇಲ್ಲ. ತಪ್ಪಾಗಿದೆ ಅಂತ ಚೆಕ್ ಅಂಕಿ ಹೇಳಬಲ್ಲದು, ತಿದ್ದಲಾರದು. ಮಬ್ಬಿನಿಂದ ಬಂದ ತಪ್ಪೂ ಬೇಕೆಂದು ಇಟ್ಟ ತಪ್ಪೂ ನೋಡಲು ಒಂದೇ ಥರ.

ಬೇರೆ ಮಾಡುವ ಉಪಾಯ ಸರಳ. ಮತ್ತೆ ಮತ್ತೆ ಓದುವುದು. ಗೀರು, ಮಬ್ಬು ಪ್ರತಿ ಸಲ ಬೇರೆ ಬೇರೆ ಕಡೆ ಎಡವಿಸುತ್ತವೆ. ಬೀಗ ಕೂತಲ್ಲೇ ಕೂತಿರುತ್ತದೆ. ಎರಡನೇ ಓದು 187, ಮೂರನೆಯದು 240. ಮೂರರಲ್ಲೂ ಇದ್ದವು 41. ಡಿಸ್ಕನ್ನು ಆಲ್ಕೋಹಾಲಿನಿಂದ ಒರೆಸಿ, ಈ ಸಲ ನಡುವಿನಿಂದ ಅಂಚಿಗೆ, ವೇಗ 4ರಲ್ಲಿ ನಾಲ್ಕನೇ ಮತ್ತು ಐದನೇ ಓದು. ಐದರಲ್ಲೂ ಇದ್ದವು 32. ಹದಿನಾರು ಮೂರನೇ ನಿಮಿಷದಲ್ಲಿ, ಹದಿನಾರು ಒಂಬತ್ತನೇ ನಿಮಿಷದಲ್ಲಿ, ಐದೈದರ ಜೋಡಿಯಾಗಿ. ಆ ಪಟ್ಟಿ ಪರದೆಯ ಮೇಲೆ ಬಂದಾಗ ನಿಜವಾಗಲೂ ಮೈ ಜುಮ್ಮೆಂದಿತು.

ಒಂದು ಎಡವಟ್ಟು ಬರೆದಿಡಬೇಕು. ಇದಕ್ಕೂ ಮೊದಲು ಕೈಯಿಂದಲೇ ಹುಡುಕಲು ಹೋಗಿದ್ದೆ. ನಿಮಿಷ ಸೆಕೆಂಡನ್ನು ಸೆಕ್ಟರ್ ನಂಬರ್ ಮಾಡಿಕೊಂಡು ಫೈಲಿನಲ್ಲಿ ಅಲ್ಲಿಗೆ ಹಾರಿದರೆ ಎಲ್ಲ ಆರೋಗ್ಯವಾಗಿತ್ತು. ಸಿಡಿಯ ಗಡಿಯಾರದಲ್ಲಿ ಡೇಟಾ ಶುರುವಾಗುವುದು ಸೊನ್ನೆಯಲ್ಲಲ್ಲ, ಎರಡನೇ ಸೆಕೆಂಡಿನಲ್ಲಿ. ಅಂದರೆ 150 ಸೆಕ್ಟರ್ ಕಳೆಯಬೇಕು. ನಾನು ಅಷ್ಟೂ ಹೊತ್ತು ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದೆ.

ಅಕ್ಟೋಬರ್ 18 ಮತ್ತು 19: 452 ಬೈಟ್

ಎಸ್‌ಬಿಐ ಫೈಲು ಮಾಡಿಕೊಡುವ ಸಿದ್ಧ ಸಲಕರಣೆಗಳಿವೆ. ರೀಡಂಪರ್ ಅನ್ನುವ ಪ್ರೋಗ್ರಾಮ್ ಲಿಬ್‌ಕ್ರಿಪ್ಟನ್ನು ತಾನೇ ಪತ್ತೆ ಹಚ್ಚುತ್ತದೆ. ಅದರಿಂದ ಶುರು ಮಾಡಿದ್ದರೆ ಎರಡು ವಾರ ಉಳಿಯುತ್ತಿತ್ತು. ಪಟ್ಟಿ ಆಗಲೇ ಕೈಯಲ್ಲಿದ್ದುದರಿಂದ ನಾನೇ ಬರೆಯುತ್ತೇನೆ ಅಂತ ಹಟ ಹಿಡಿದೆ.

ಫೈಲಿನ ರೂಪ ಸುಲಭ. ಮೊದಲ ನಾಲ್ಕು ಬೈಟ್ ಹೆಸರು. ಆಮೇಲೆ ಪ್ರತಿ ಕೆಟ್ಟ ಸೆಕ್ಟರಿಗೆ 14 ಬೈಟ್: ಮೂರು ಬೈಟ್ ಜಾಗ, ಒಂದು ಬೈಟ್ ಬಗೆ, ಹತ್ತು ಬೈಟ್ ಡಿಸ್ಕಿನಲ್ಲಿ ಕಂಡ ಕ್ಯೂ ಬರಹ. 32 ಸೆಕ್ಟರಿಗೆ 448, ಹೆಸರಿನ ನಾಲ್ಕು ಸೇರಿಸಿ 452. ಇಡೀ ಸಿಡಿ ಓಡಬೇಕಾ ಬೇಡವಾ ಅಂತ ತೀರ್ಮಾನಿಸುವುದು ಈ 452 ಬೈಟ್. ಒಂದು ಉದ್ದನೆಯ ಎಸ್ಎಂಎಸ್‌ನಷ್ಟು.

ಬರೆದೆ, ಬಿನ್ ಫೈಲಿನ ಪಕ್ಕ ಅದೇ ಹೆಸರಿನಲ್ಲಿ ಇಟ್ಟೆ. ಎಮ್ಯುಲೇಟರ್ ಈ ಸಲ ಎಚ್ಚರಿಕೆ ಕೊಡಲಿಲ್ಲ. ಆಟ ಮಾತ್ರ ಅದೇ ಪರದೆಯಲ್ಲಿ ನಿಂತಿತು.

ಶನಿವಾರ ರಾತ್ರಿ ಒಂದು ಗಂಟೆವರೆಗೆ ನೋಡಿದೆ, ಗೊತ್ತಾಗಲಿಲ್ಲ. ಫೈಲು ತೆರೆದು ಮೊದಲ ಕಾಲಂ ನೋಡಿದೆ: 03, 03, 03, 09, 09. ಸರಿ ಇದೆಯಲ್ಲ! ಬೆಳಗ್ಗೆ ಎದ್ದು ಎರಡನೇ ಕಾಲಂ ನೋಡಿದಾಗ ಸಿಕ್ಕಿತು. ಸಿಡಿ ತನ್ನ ಸಮಯವನ್ನು ಬಿಸಿಡಿ ಪದ್ಧತಿಯಲ್ಲಿ ಬರೆಯುತ್ತದೆ. 45 ಅಂದರೆ ಹೆಕ್ಸ್‌ನಲ್ಲೂ, ಅಂದರೆ ಹದಿನಾರರ ಲೆಕ್ಕದಲ್ಲೂ, 45 ಅಂತಲೇ ಕಾಣಬೇಕು. ನನ್ನ ಸ್ಕ್ರಿಪ್ಟ್ 45ನ್ನು ಮಾಮೂಲಿ ಸಂಖ್ಯೆಯಾಗಿ ಬರೆದು ಅದು 2ಡಿ ಆಗಿತ್ತು. ನಿಮಿಷಗಳು 3 ಮತ್ತು 9 ಮಾತ್ರ ಆದ್ದರಿಂದ ಎರಡು ಪದ್ಧತಿಯಲ್ಲೂ ಒಂದೇ ಥರ ಕಂಡವು. ನಾನು ನೋಡಿದ ಒಂದೇ ಕಾಲಂ, ತಪ್ಪು ಕಾಣಲು ಸಾಧ್ಯವೇ ಇಲ್ಲದ ಕಾಲಂ.

ಒಂದು ಸಾಲು ತಿದ್ದಿದೆ. ಲೋಡಿಂಗ್ ಪರದೆ ದಾಟಿತು. ರೇಸ್ ಶುರುವಾಯಿತು. ಮಾವನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. "ಇದಕ್ಕೆ ಎರಡು ವಾರನಾ? ಇನ್ನೊಂದು ತಂದುಕೊಡ್ತಿದ್ದೆನಲ್ಲೋ" ಅಂದರು.

ಸ್ಪೈರೊ ಮತ್ತು ಫೈನಲ್ ಫ್ಯಾಂಟಸಿಯ ನಾಲ್ಕೂ ಡಿಸ್ಕಿನಲ್ಲಿ ಇದೇ ಬೀಗ. ಅವಕ್ಕೆ ಯಾರೂ ಟೂತ್‌ಪೇಸ್ಟ್ ಹಚ್ಚಿರಲಿಲ್ಲವಾದ್ದರಿಂದ ಎರಡೆರಡು ಓದಿಗೇ ಮುಗಿಯಿತು. ಟೆಕ್ಕೆನ್ 3 ಬರೀ ಬಿನ್ ಮತ್ತು ಕ್ಯೂ (cue) ಫೈಲಿನಲ್ಲೇ ಓಡಿತು.

ಸ್ಪೈರೊ ಬಗ್ಗೆ ಒಂದು ಮಾತು. ಅದರಲ್ಲಿ ಲಿಬ್‌ಕ್ರಿಪ್ಟ್ ಹೊರಬಾಗಿಲು ಮಾತ್ರ. ಆಟದ ಕೋಡನ್ನು ಯಾರಾದರೂ ತಿದ್ದಿದ್ದಾರಾ ಅಂತ ಆಟವೇ ಒಳಗಿನಿಂದ ನೋಡುತ್ತಿರುತ್ತದೆ. ತಿದ್ದಿದ್ದು ಕಂಡರೆ ಜೋಯಿ ಅನ್ನುವ ಕಿನ್ನರಿ ಬಂದು, ನೀನು ಆಡುತ್ತಿರುವುದು ತಿದ್ದಿದ ಪ್ರತಿ ಇರಬಹುದು ಅಂತ ನಯವಾಗಿ ಹೇಳುತ್ತಾಳೆ. ಅಲ್ಲಿಗೆ ನಿಲ್ಲಿಸುವುದೂ ಇಲ್ಲ. ಕೂಡಿಟ್ಟ ಮೊಟ್ಟೆ, ರತ್ನ ಮಾಯವಾಗುತ್ತಾ ಹೋಗುತ್ತವೆ. ಕೊನೆಯ ಕಾಳಗದ ತನಕ ಹೋದವರನ್ನು ಮೊದಲಿಗೆ ತಂದು ಬಿಟ್ಟು ಸೇವ್ ಅಳಿಸಿಬಿಡುತ್ತದೆ. 2000ನೇ ಇಸವಿಯ ಕುಚೇಷ್ಟೆ, ಒಪ್ಪಲೇಬೇಕು. ಹಾಗಾಗಿ ಆಟ ಶುರುವಾದ ಕೂಡಲೇ ಬ್ಯಾಕಪ್ ಸರಿ ಇದೆ ಅಂತ ಹೇಳಲಾಗದು. ದೀಪಾವಳಿ ರಜೆಯಲ್ಲಿ ಎರಡು ಸಂಜೆ ಪರೀಕ್ಷೆಯ ನೆಪದಲ್ಲಿ ಆಡಿದೆ. ಜೋಯಿ ಬಂದಳು, ಬರೀ ದಾರಿ ತೋರಿಸಿ ಹೋದಳು.

ಅಕ್ಟೋಬರ್ 25, ಶನಿವಾರ: ಮಷೀನಿಗೇ ಹಾಕಿದರೆ?

ಎಮ್ಯುಲೇಟರ್ ಬೇಡ, ಅಸಲಿ ಪಿಎಸ್ ಒನ್‌ನಲ್ಲೇ ಓಡಬೇಕು ಅಂತ ಆಸೆ. ಟೆಕ್ಕೆನ್ 3ನ್ನು ಖಾಲಿ ಸಿಡಿಗೆ ಬರೆದು ಹಾಕಿದೆ. ಪ್ಲೇಸ್ಟೇಷನ್ ಸಿಡಿ ಹಾಕಿ ಅಂತ ಹೇಳಿ ಮಷೀನು ಸುಮ್ನೆ ಕೂತಿತು. ನಿರೀಕ್ಷಿಸಿದ್ದೇ. ಆದರೂ ವೇಗ ಇಳಿಸಿ ಇನ್ನೊಂದು ಬರೆದೆ, ಇನ್ನೊಂದು ಕಂಪನಿಯ ಸಿಡಿಗೂ ಬರೆದೆ. ಮೂರು ಸಿಡಿ ದಂಡ.

ಇಲ್ಲಿನ ಬೀಗ ಬರಹದಲ್ಲಿಲ್ಲ, ಗೆರೆಯಲ್ಲಿದೆ. ಅಸಲಿ ಡಿಸ್ಕಿನ ಶುರುವಿನ ಭಾಗದಲ್ಲಿ ಟ್ರ್ಯಾಕ್ ನೇರವಾಗಿ ಸುತ್ತದೆ ಸಣ್ಣಗೆ ಓಲಾಡುತ್ತದೆ. ಆ ಓಲಾಟದಲ್ಲೇ ನಾಲ್ಕು ಅಕ್ಷರ ಅಡಗಿವೆ: ಯುರೋಪಿಗೆ ಎಸ್‌ಸಿಇಇ, ಅಮೆರಿಕಕ್ಕೆ ಎಸ್‌ಸಿಇಎ, ಜಪಾನಿಗೆ ಎಸ್‌ಸಿಇಐ. ಖಾಲಿ ಸಿಡಿಯಲ್ಲಿ ಗೆರೆ ಕಾರ್ಖಾನೆಯಲ್ಲೇ ಕೊರೆದು ಬಂದಿರುತ್ತದೆ, ಅದಕ್ಕೆ ತನ್ನದೇ ಓಲಾಟ ಇದೆ. ಬರ್ನರ್ ಆ ಗೆರೆಯ ಮೇಲೆ ಬರೆಯಬಲ್ಲದೇ ಹೊರತು ಗೆರೆಯನ್ನು ಬಾಗಿಸಲಾರದು. ನಮ್ಮ ಬೀದಿಯ ಹುಡುಗರ ಮಷೀನಿನಲ್ಲಿದ್ದ ಚಿಪ್ ಮಾಡುತ್ತಿದ್ದದ್ದು ಇಷ್ಟೇ: ಡ್ರೈವಿನ ಕಿವಿಯಲ್ಲಿ ಆ ನಾಲ್ಕು ಅಕ್ಷರ ಊದುವುದು. ನಲವತ್ತು ಆಟದ ಗುಟ್ಟು ನಾಲ್ಕು ಅಕ್ಷರ.

ಮೆಮೊರಿ ಕಾರ್ಡಿನ ಸೇವ್ ಫೈಲಿನಿಂದ ಮಷೀನನ್ನು ಒಪ್ಪಿಸುವ ಟೋನಿಹ್ಯಾಕ್ಸ್‌ನಂಥ ದಾರಿಗಳಿವೆ. ಅಮ್ಮ ಕುಂಕುಮ ಹಚ್ಚಿದ ಮಷೀನಿಗೆ ಬೆಸುಗೆ ಕಡ್ಡಿ ಮುಟ್ಟಿಸುವುದಂತೂ ಇಲ್ಲ. ಸದ್ಯಕ್ಕೆ ಇದನ್ನು ಬಿಟ್ಟೆ.

ನವೆಂಬರ್ 1, ರಾಜ್ಯೋತ್ಸವದ ರಜೆ: ಪಿಎಸ್ 2

ಇದು ಬೇಗ ಮುಗಿಯಿತು. ಗ್ರಾನ್ ಟುರಿಸ್ಮೊ 4, ದೇಸಿ ಅಡ್ಡಾ, ಎರಡೂ ಡಿವಿಡಿ. ಬೀಗ ಇರುವುದು ಕನ್ಸೋಲು ಪರೀಕ್ಷಿಸುವ ಭಾಗದಲ್ಲಿ. ಒಳಗಿನ ಫೈಲುಗಳನ್ನು ಕಂಪ್ಯೂಟರ್ ಡ್ರೈವು ಆರಾಮಾಗಿ ಓದುತ್ತದೆ. ಮೊದಲ ದಿನ ಕೈಕೊಟ್ಟ ಡಿಡಿಯೇ ಇಲ್ಲಿ ಸಾಕಾಯಿತು, 2048ರ ಅಳತೆಯೂ ಸರಿ. ಗ್ರಾನ್ ಟುರಿಸ್ಮೊ 4 ಎರಡು ಪದರದ ಡಿವಿಡಿ, ಅದಕ್ಕೆ ಅರ್ಧ ಗಂಟೆ ಹಿಡಿಯಿತು. ಒಂದೇ ತೊಡಕು: ಪೆನ್‌ಡ್ರೈವಿನ ಫಾರ್ಮ್ಯಾಟ್ ಫ್ಯಾಟ್32 ಆಗಿತ್ತು, ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಎಕ್ಸ್‌ಫ್ಯಾಟ್ ಮಾಡಿಕೊಂಡು ಮತ್ತೆ ನಕಲಿಸಿದೆ.

ದೇಸಿ ಅಡ್ಡಾ ನನಗೆ ಇವೆಲ್ಲಕ್ಕಿಂತ ಮುಖ್ಯ. 2009ರಲ್ಲಿ ಹೈದರಾಬಾದಿನ ಕಂಪನಿಯೊಂದು ನಮ್ಮವರಿಗೆ ಅಂತಲೇ ಮಾಡಿದ ಆಟ. ಕಬಡ್ಡಿ, ಚಿನ್ನಿದಾಂಡು ಎಲ್ಲ ಇದೆ. ಆಟ ಅಷ್ಟಕ್ಕಷ್ಟೇ, ಸುಳ್ಳು ಹೇಳಲ್ಲ. ಕ್ರ್ಯಾಶ್ ಮತ್ತೆ ಮತ್ತೆ ಹೊಸ ರೂಪದಲ್ಲಿ ಬಿಡುಗಡೆಯಾಗುತ್ತದೆ. ಈ ಚಿನ್ನಿದಾಂಡನ್ನು ಯಾರು ಮತ್ತೆ ತರುತ್ತಾರೆ?

ನವೆಂಬರ್ 8 ಮತ್ತು 9: ಮೂಸಿ ನೋಡಿದ ಡಿಸ್ಕು

ಉಳಿದದ್ದು ಗ್ರಾನ್ ಟುರಿಸ್ಮೊ 2. ಒಂದು ಡಿಸ್ಕ್ ಸಲೀಸಾಗಿ ಬಂತು. ಇನ್ನೊಂದರ ಮೇಲ್ಭಾಗಕ್ಕೆ ಕಂಪನಿಯವರೇ ವಾಸನೆ ಹಚ್ಚಿದ್ದರು. ಉಗುರಿನಿಂದ ಕೆರೆದರೆ ಟೈರಿನ, ರಸ್ತೆಯ ವಾಸನೆ ಬರುತ್ತಿತ್ತು. ಹುಡುಗರ ಕೈಗೆ ಇಂಥದ್ದು ಸಿಕ್ಕರೆ ಬಿಡುತ್ತಾರಾ? ಬೀದಿಯ ಹುಡುಗರೆಲ್ಲ ಸಾಲಾಗಿ ಬಂದು ಕೆರೆದು ಮೂಸಿದ್ದೆವು. ವಾಸನೆ ಕಮ್ಮಿಯಾದ ಮೇಲೆ ಒಂದು ರೂಪಾಯಿ ನಾಣ್ಯದಿಂದಲೂ ಕೆರೆದದ್ದು ನೆನಪಿದೆ.

ಸಿಡಿಯಲ್ಲಿ ಡೇಟಾ ಇರುವುದು ನಾವು ಜೋಪಾನ ಮಾಡುವ ಹೊಳೆಯುವ ಬದಿಯಲ್ಲಲ್ಲ. ಆ ಕಡೆ ಒಂದು ಮಿಲಿಮೀಟರಿಗೂ ಮಿಕ್ಕ ಪ್ಲಾಸ್ಟಿಕ್ ರಕ್ಷಣೆ ಇದೆ. ಡೇಟಾದ ಲೋಹದ ಪದರ ಕೂತಿರುವುದು ಲೇಬಲ್ಲಿನ ಕೆಳಗೇ, ಒಂದು ತೆಳು ಬಣ್ಣದ ಆಚೆ. ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಮೂರು ಕಡೆ ಸೂಜಿಮೊನೆಯಷ್ಟು ಬೆಳಕು ತೂರಿ ಬರುತ್ತದೆ. ಅಲ್ಲಿ ಓದಲು ಏನೂ ಉಳಿದಿಲ್ಲ.

ಇಲ್ಲಿವರೆಗಿನ ಲೆಕ್ಕ: ಸಾಟಾ ಡ್ರೈವಿನಲ್ಲಿ ಏಳು ಸಲ, ತೆಳು ಡ್ರೈವಿನಲ್ಲಿ ನಾಲ್ಕು ಸಲ. ಮೊದಲ ಓದಿನಲ್ಲಿ 61 ಸೆಕ್ಟರ್ ಹೋಗಿದ್ದವು. ಓದುಗಳನ್ನು ಒಂದಕ್ಕೊಂದು ಸೇರಿಸಿ 19ಕ್ಕೆ ಇಳಿಸಿದೆ. ತೆಳು ಡ್ರೈವು, ಕ್ಯೂ ವಿಷಯದಲ್ಲಿ ಸುಳ್ಳು ಹೇಳಿದ್ದೇ, ಇಲ್ಲಿ ಐದು ಸೆಕ್ಟರ್ ಹೆಚ್ಚು ಓದಿಕೊಟ್ಟಿತು. ಈಗ 14. ಲೇಬಲ್ ಕಡೆ ಕಪ್ಪು ಮಾರ್ಕರ್ ಹಚ್ಚಿ ನೋಡಿದೆ, ಪ್ರಯೋಜನ ಇಲ್ಲ. ಪಾಲಿಶ್ ಮಾಡಿಸುವ ಪ್ರಶ್ನೆಯೇ ಇಲ್ಲ, ಗಾಯ ಇರುವುದು ಇನ್ನೊಂದು ಬದಿಯಲ್ಲಿ.

ಮುಂದಿನ ಶನಿವಾರ ಮತ್ತೆ ಎಸ್‌.ಪಿ. ರೋಡಿಗೆ ಹೋಗುತ್ತೇನೆ. ಆ ರಾಶಿಯಲ್ಲಿ ಇನ್ನೂ ಹತ್ತು ಹನ್ನೆರಡು ಡ್ರೈವು ಇದ್ದವು, ಕುರ್ಚಿ ಹೇಗೂ ಕೊಡುತ್ತಾರೆ. ಡಿಸ್ಕನ್ನು ಕವರಿಗೆ ಹಾಕುವ ಮೊದಲು ಒಂದು ಸಲ ಕೆರೆದು ಮೂಸಿದೆ. ಏನೂ ಬರಲಿಲ್ಲ. ಆಮೇಲೆ ನೆನಪಾಯಿತು, ಕೆರೆಯಬಾರದಿತ್ತು.